ರಂಜಾನಿನ ಹಗಲೂಟ

ರಂಜಾನಿನ ನಡುಮಧ್ಯಾಹ್ನ, ಇಡೀ ಎಸ್ನಾ ಊರು ಒಣಬಾಯಲ್ಲಿ ಸಂಜೆಗಾಗಿ ಕಾಯುತ್ತಿದ್ದಾಗ, ಇನ್ಸಾಫ್ ಅಡುಗೆಮನೆಯ ಬಾಗಿಲನ್ನು ಬೇಕೆಂದೇ ತೆರೆದಿಟ್ಟು ಊಟಕ್ಕೆ ಕೂತಳು. ರೊಟ್ಟಿ, ಬೆಂದ ಅವರೆಕಾಳು, ಒಂದು ಈರುಳ್ಳಿ. ಈರುಳ್ಳಿಯನ್ನು ಮುಷ್ಟಿಯಿಂದ ಗುದ್ದಿ ಒಡೆದಳು. ಆ ಸದ್ದು ಅಂಗಳದಾಚೆಯ ಕೋಣೆಗೆ ಕೇಳಲಿ ಎಂದೇ ಗುದ್ದಿದ್ದು. ಆ ಕೋಣೆಯಲ್ಲಿ ಅವಳ ಸವತಿ ಸಮಾಹ್ ಇದ್ದಳು.

ಮುಟ್ಟಾದ ಹೆಂಗಸಿಗೆ ಉಪವಾಸವಿಲ್ಲ, ನಿಜ. ಆದರೆ ಮಾನವಂತೆಯಾದವಳು ಬಾಗಿಲು ಮುಚ್ಚಿಕೊಂಡು ಕಳ್ಳಬೆಕ್ಕಿನ ಹಾಗೆ ಎರಡು ತುತ್ತು ನುಂಗಿ ಬಾಯಿ ಒರೆಸಿಕೊಳ್ಳುತ್ತಾಳೆ. ತಿಂಗಳು ಪೂರ್ತಿ ಉಪವಾಸ ಹಿಡಿದವಳ ಮುಟ್ಟಿನ ಕಾಲ ಮುಗಿಯಿತೆಂದು ಓಣಿಯ ಹೆಂಗಸರೆಲ್ಲ ಹೇಳದೆಯೇ ತಿಳಿದುಕೊಳ್ಳುತ್ತಾರೆ. ಇನ್ಸಾಫ್ ಹಿಂದಿನ ಎರಡು ರಂಜಾನನ್ನೂ ಹಾಗೆ ಪೂರ್ತಿ ಹಿಡಿದಿದ್ದಳು. ಮೊದಲನೆಯದರ ಹಬ್ಬದ ತಿಂಡಿ ಡಬ್ಬದಲ್ಲಿರುವಾಗಲೇ ಅವಳ ಗಂಡ ಬದವಿ, "ಒಣಗಿದ ಮರಕ್ಕೆ ಎಷ್ಟು ಅಂತ ನೀರು ಹಾಕೋದು?" ಎಂದು ತನ್ನ ಅಂಗಡಿಯಲ್ಲಿ ಗೆಳೆಯರ ಮುಂದೆ ನಕ್ಕು, ಮಗಳ ವಯಸ್ಸಿನ ಸಮಾಹಳನ್ನು ಕಟ್ಟಿಕೊಂಡು ಬಂದ. ಮೂರು ಹೆಣ್ಣು ಹೆತ್ತು, ಅವನ ತಾಯಿ ಸಾಯುವ ತನಕ ಅವಳ ಹೇಲು ಉಚ್ಚೆ ಬಾಚಿದವಳಿಗೆ ಸಿಕ್ಕ ಮರ್ಯಾದೆ ಅದು.

ಈಗ ಆ ಮರ ಚಿಗುರಿತ್ತು. ಎರಡು ವರ್ಷದ ಮೇಲೆ ಮತ್ತೆ ರಕ್ತ ಕಂಡ ದಿನ ಇನ್ಸಾಫ್ ಬಚ್ಚಲಲ್ಲಿ ಕೂತು ಸಂತೋಷಕ್ಕೆ ಅತ್ತೇಬಿಟ್ಟಳು. ಸುದ್ದಿ ಬದವಿಯ ಕಿವಿಗೂ ಬಿತ್ತು. ನಿನ್ನೆ ಸಂಜೆ ಸಿಹಿಯ ಪೊಟ್ಟಣ ಹಿಡಿದುಕೊಂಡು ನೇರ ಇವಳ ಕೋಣೆಗೇ ಬಂದಿದ್ದ.

"ಏನೇ ಹುಡುಗಿ, ವಯಸ್ಸು ಹಿಂದಕ್ಕೆ ಓಡ್ತಿದೆಯಂತೆ?"

"ನಿಮ್ಮದು ಮುಂದಕ್ಕೆ ಓಡ್ತಿದೆಯಲ್ಲ, ಹಿಡ್ಕೊಳ್ಳಿ ಮೊದಲು."

ಅವನು ಬಿದ್ದು ಬಿದ್ದು ನಕ್ಕ. ಅವನು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಈರುಳ್ಳಿಯ ಸದ್ದಿಗೆ ಸಮಾಹ್ ಬಂದು ಹೊಸ್ತಿಲಲ್ಲಿ ನಿಂತಳು. ಉಪವಾಸಕ್ಕೆ ತುಟಿ ಒಣಗಿತ್ತು.

"ಅಕ್ಕಾ, ಹೋದ ವಾರ ಆಗಿತ್ತಲ್ಲ, ಮತ್ತೆ ಬಂತಾ?"

"ಬಂತು. ನಿನ್ನ ಅಪ್ಪಣೆ ಬೇಕಿತ್ತಾ?"

"ನಿಂತು ಇಷ್ಟು ದಿನ ಆದ್ಮೇಲೆ ಬರೋದು ಮುಟ್ಟಲ್ಲ ಅಕ್ಕಾ. ನನ್ನಮ್ಮಂಗೂ ಹಿಂಗೇ ಆಗಿತ್ತು. ಡಾಕ್ಟರಿಗೆ ತೋರಿಸೋಣ, ನಾನೇ ಜೊತೆಗೆ ಬರ್ತೀನಿ."

"ಏನಾಯ್ತು ನಿನ್ನಮ್ಮಂಗೆ?"

"ಸತ್ತೋದ್ಲು."

"ನಾನೂ ಸಾಯ್ಲಿ ಅಂತ ಹರಕೆ ಹೊತ್ತಿದೀಯಾ? ಅವರು ನಿನ್ನೆ ನನ್ನ ಕೋಣೇಲಿ ಕೂತಿದ್ದು ನೋಡಿ ಹೊಟ್ಟೆ ಉರೀತಾ? ಉರಿದ್ರೆ ತಣ್ಣೀರು ಕುಡಿ. ಅಯ್ಯೋ, ಮರ್ತೇಬಿಟ್ಟೆ, ನಿಂಗೆ ಉಪವಾಸ ಅಲ್ವಾ!"

ಸಮಾಹ್ ತನ್ನ ಕೋಣೆಗೆ ಹೋದಳು. ಸುಳ್ಳು ಯಾಕೆ, ಇನ್ಸಾಫಳಿಗೂ ಒಳಗೊಳಗೇ ಅನುಮಾನವಿತ್ತು. ಈ ರಕ್ತಕ್ಕೆ ಹಿಂದಿನಂತೆ ಹೊತ್ತುಗೊತ್ತು ಇರಲಿಲ್ಲ. ಒಮ್ಮೆ ನೀರಿನಂತೆ ಬರುತ್ತಿತ್ತು, ಒಮ್ಮೆ ಗಡ್ಡೆಗಡ್ಡೆಯಾಗಿ. ಆದರೆ ಡಾಕ್ಟರು ಒಂದು ಮಾತು ಅಂದರೆ ಸಾಕು, ನಿನ್ನೆಯ ಆ ನಗು ಮತ್ತೆ ಅಂಗಳದಾಚೆಗೆ ಹೋಗುತ್ತದೆ. ಪಾಪದವಳು, ಗಂಡನ ಒಂದು ನಗುವಿಗೆ ಅಷ್ಟು ಹಸಿದಿದ್ದಳು.

ಹಬ್ಬ ಕಳೆಯಿತು, ರಕ್ತ ನಿಲ್ಲಲಿಲ್ಲ. ಇನ್ಸಾಫ್ ಮೆಂತ್ಯದ ಕಷಾಯ ಕುಡಿದಳು, ಹೊಟ್ಟೆನೋವನ್ನು ಹಲ್ಲು ಕಚ್ಚಿ ನುಂಗಿದಳು. ಮುಟ್ಟಾದವಳ ಹಾಸಿಗೆಗೆ ಬದವಿ ಬರುವಂತಿರಲಿಲ್ಲ. "ಯಾವಾಗ ನೋಡಿದ್ರೂ ನಿಂದು ಇದೇ ಗೋಳು" ಎಂದು ಗೊಣಗಿ ಅವನು ಮತ್ತೆ ಅಂಗಳ ದಾಟಿದ. ಅವನನ್ನು ಕರೆತಂದ ರಕ್ತವೇ ಅವನನ್ನು ಓಡಿಸಿತು. ಈಗಲಾದರೂ ಡಾಕ್ಟರ ಹತ್ತಿರ ಹೋಗಬೇಕಿತ್ತು. ಹೋದರೆ ಸಮಾಹಳ ಮಾತು ಗೆದ್ದಂತಾಗುತ್ತಿತ್ತು, ಅದೊಂದು ಹಟ.

ಚಳಿಗಾಲದಲ್ಲಿ ಒಲೆಯ ಮುಂದೆ ಕುಸಿದು ಬಿದ್ದವಳನ್ನು ವ್ಯಾನಿಗೆ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದವಳು ಸಮಾಹಳೇ. ಬದವಿಗೆ ಅಂಗಡಿ ಬಿಡಲಾಗಲಿಲ್ಲವಂತೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟಳು.

"ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದೇ ಒಂದು ಹನಿ ಕಂಡ್ರೂ ತೋರಿಸ್ಬೇಕು, ತಾಯಿ. ಎಲ್ಲಾ ಸಲವೂ ಕೆಟ್ಟದ್ದೇ ಆಗಿರಲ್ಲ. ಕೆಟ್ಟದ್ದಾದ್ರೂ ಬೇಗ ಬಂದ್ರೆ ಗರ್ಭಕೋಶ ತೆಗೆದು ಉಳಿಸ್ಕೋಬಹುದು. ನಿಮಗೀಗ ಹೊರಗೂ ಹರಡಿದೆ. ಮನೇಲಿ ಯಾರೂ ಹೇಳ್ಲಿಲ್ವಾ?"



"ನಮಗ್ಯಾರಿಗೂ ಗೊತ್ತಿರ್ಲಿಲ್ಲ ಡಾಕ್ಟ್ರೇ," ಎಂದಳು ಸಮಾಹ್.

ಅವಳು ಬೈದಿದ್ದರೂ ಇನ್ಸಾಫಳಿಗೆ ಅಷ್ಟು ನೋಯುತ್ತಿರಲಿಲ್ಲ.

ಮುಂದಿನ ರಂಜಾನು ಬಂತು. ಔಷಧಿಗೆ ಇನ್ಸಾಫಳ ಕೂದಲೆಲ್ಲ ಉದುರಿತ್ತು. ಉಪವಾಸ ಕೂಡದೆಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದಳು. ಮಧ್ಯಾಹ್ನ ಸಮಾಹ್ ರೊಟ್ಟಿ, ಕಾಳು ತಂದಿಟ್ಟು ಈರುಳ್ಳಿಗೆ ಮುಷ್ಟಿ ಎತ್ತಿದಳು.

"ಗುದ್ದಬೇಡ್ವೇ, ಚಾಕುವಲ್ಲಿ ಹೆಚ್ಚು. ಬಾಗಿಲು ಹಾಕು ಮೊದಲು."

ಸಮಾಹ್ ಬಾಗಿಲು ಹಾಕಿದಳು. ಹಾಕಿ, ತಾನೂ ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿದಳು. ಇನ್ಸಾಫಳಿಗೆ ಅರ್ಥವಾಯಿತು. ಇವಳು ಮುಟ್ಟಾಗಿದ್ದಾಳೆ, ಈ ತಿಂಗಳೂ ಬಸಿರು ನಿಂತಿಲ್ಲ. ಅಂಗಳದಲ್ಲಿ ಬದವಿ ಯಾರಿಗೋ ಫೋನಿನಲ್ಲಿ, "ಫಲ ಬಿಡದ ಮರ ಕಣಯ್ಯಾ" ಎಂದು ನಗುತ್ತಿದ್ದ.

"ಸರಿಯಾದ ಹೊತ್ತಿಗೇ ಬಂತೇನೇ?"

"ಹೂಂ, ಅಕ್ಕಾ."

"ಹೊತ್ತು ತಪ್ಪಿ ಬಂದ ದಿನ ಹೇಳು. ಅವನಿಗಲ್ಲ, ನಂಗೆ. ನಾನಿಲ್ದಿದ್ರೆ ಒಬ್ಳೇ ವ್ಯಾನು ಹತ್ತು."