ನನ್ನ ಮೈಮೇಲೆ ನಿಂತ ಎಮ್ಮೆ

ನಾನು ಒಂದು ರೋಲಪ್ ಬೋರ್ಡು. ಶಾಲೆಯ ಗೋಡೆಗೆ ಹೊಡೆದ ದೊಡ್ಡ ಕರಿಹಲಗೆಗಳಿಗೆ ದಾಯಾದಿ ಅಂದುಕೊಳ್ಳಿ. ಅವು ನಿಂತಲ್ಲೇ ನಿಂತು ಮುದಿಯಾಗುತ್ತವೆ, ನಾನು ಊರೂರು ತಿರುಗುತ್ತೇನೆ. ಕಪ್ಪು ಬಣ್ಣ ಬಳಿದ ದಪ್ಪ ಬಟ್ಟೆ, ಮೇಲೊಂದು ಕೆಳಗೊಂದು ಕಟ್ಟಿಗೆಯ ಕೋಲು, ಗೂಟಕ್ಕೆ ತೂಗುಹಾಕಲು ಒಂದು ಲಾಡಿ. ಇಷ್ಟೇ ನನ್ನ ಆಸ್ತಿ. ಮಾಸ್ತರಿಕೆ ಕಲಿಯುವವರೆಲ್ಲ ನನ್ನಂಥದ್ದೊಂದನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಪಾಠದ ಅಭ್ಯಾಸಕ್ಕೆ ಶಾಲೆಯಿಂದ ಶಾಲೆಗೆ ಹೋಗುವುದು ಆಗಿನ ರೂಢಿ.

ನಾನು ಹುಟ್ಟಿದ್ದು ಗುಳೇದಗುಡ್ಡದ ಕಾಳಪ್ಪ ಬಡಿಗೇರರ ಹಿತ್ತಲಲ್ಲಿ. ವರ್ಷವಿಡೀ ಬಾಗಿಲು ಕಿಟಕಿ ಮಾಡುವ ಕಾಳಪ್ಪ, ಟ್ರೇನಿಂಗ್ ಕಾಲೇಜು ಶುರುವಾಗುವ ತಿಂಗಳು ಮಾತ್ರ ನಮ್ಮ ಕಡೆ ತಿರುಗುತ್ತಿದ್ದರು. ನಮಗೆ ಮೂರು ಕೈ ಬಣ್ಣ. ಒಂದೊಂದು ಕೈ ಒಣಗುವವರೆಗೆ ಹಗ್ಗದ ಮೇಲೆ ಸೀರೆ ಧೋತರಗಳ ನಡುವೆ ಜೋತುಬಿದ್ದಿರಬೇಕು. ಒಂದು ದಿನ ಗಾಳಿ ಜೋರಾಗಿ ಬೀಸಿ, ಇನ್ನೂ ಹಸಿಯಾಗಿದ್ದ ನಾನು ಅವರ ಹೆಂಡತಿಯ ಹೊಸ ಸೀರೆಗೆ ಹೋಗಿ ಅಂಟಿಕೊಂಡೆ. ಅಂದು ಕಾಳಪ್ಪನವರಿಗೆ ಮಧ್ಯಾಹ್ನದ ಊಟ ಸಿಗಲಿಲ್ಲ. ತಪ್ಪು ಗಾಳಿಯದು, ಪೆಟ್ಟು ಮಾತ್ರ ನನಗೆ ಬಿತ್ತು.

ನನ್ನನ್ನು ಮೊದಲು ಕೊಂಡವನು ಶೇಖರಯ್ಯ ಎಂಬ ಹುಡುಗ. ಅವನ ಕೈಯಲ್ಲಿ ಏನಿತ್ತೋ ಕಾಣೆ. ಸೀಮೆಸುಣ್ಣ ಹಿಡಿದರೆ ಎರಡು ನಿಮಿಷದಲ್ಲಿ ನನ್ನ ಮೇಲೆ ನವಿಲು ಗರಿ ಬಿಚ್ಚಿ ನಿಲ್ಲುತ್ತಿತ್ತು. ಮಕ್ಕಳು ಕೈಕಟ್ಟಿ, ಬಾಯಿ ತೆರೆದು ಕುಳಿತುಬಿಡುತ್ತಿದ್ದರು. ಹೊಗಳಿಕೆಯೆಲ್ಲ ಅವನಿಗೆ ಸಲ್ಲಬೇಕಾದದ್ದು, ಆದರೆ ಅರ್ಧ ನನ್ನದೇ ಅಂದುಕೊಂಡು ನಾನು ಉಬ್ಬಿದೆ. ಎರಡು ವರ್ಷದಲ್ಲಿ ನನಗೆ ಸೊಕ್ಕು ಬಂತು. ಮುಚ್ಚಿಡುವುದೇಕೆ, ಬಂದದ್ದು ನಿಜ.

ಶೇಖರಯ್ಯನ ಟ್ರೇನಿಂಗ್ ಮುಗಿಯಿತು. ಹೋಗುವಾಗ ನನ್ನನ್ನು ಪಕ್ಕದ ಮನೆಯ ನೀಲಾಂಬಿಕಾಳಿಗೆ ಕೊಟ್ಟ. ನೀಲಾಂಬಿಕಾ ಮೂವತ್ತು ದಾಟಿದ ಮೇಲೆ ಮಾಸ್ತರಿಕೆ ಕಲಿಯಲು ಸೇರಿದವಳು. ಗಂಡ ಟೆಂಪೋ ಓಡಿಸುತ್ತಿದ್ದ. ಅತ್ತೆ ಪಾರವ್ವನಿಗೆ ಅಕ್ಷರ ಬಾರದು. ಆದರೆ ಸೊಸೆ ಶಾಲೆಗೆ ಹೋಗಲೆಂದು ಮನೆಯ ಕಸಮುಸುರೆಯಿಂದ ಎಮ್ಮೆಯ ಸಗಣಿಯವರೆಗೆ ಎಲ್ಲವನ್ನೂ ತಾನೇ ಮಾಡುತ್ತಿದ್ದಳು. ನೀಲಾಂಬಿಕಾ ಪಾಠ ಹೇಳಿದರೆ ಮಕ್ಕಳು ಕೂತಲ್ಲಿಂದ ಕದಲುತ್ತಿರಲಿಲ್ಲ, ಅಷ್ಟು ಚೆಂದ. ಅಕ್ಷರವೂ ಮುತ್ತು. ಚಿತ್ರವೊಂದು ಮಾತ್ರ ಆಕೆಗೆ ಬಾರದು. ನನ್ನ ಮೇಲೆ ಆಕೆ ಬರೆದ ಮೊದಲ ಕೋಳಿಯನ್ನು ನಾನು ತಂಬಿಗೆ ಎಂದುಕೊಂಡೆ. ಬರೆದವಳೇ ಅದನ್ನು ಯಾರಾದರೂ ನೋಡಿಯಾರೆಂದು ಅವಸರದಲ್ಲಿ ಒರೆಸಿಬಿಟ್ಟಳು.

ಎರಡನೇ ವರ್ಷದ ಕೊನೆಗೆ ಪಾಠದ ಪರೀಕ್ಷೆ ಬಂತು. ಎರಡನೇ ತರಗತಿ, ಸಾಕುಪ್ರಾಣಿಯ ಪಾಠ, ನೀಲಾಂಬಿಕಾಳ ಪಾಲಿಗೆ ಎಮ್ಮೆ. ಹಲಗೆಯ ಮೇಲೆ ಚಿತ್ರ ಕಡ್ಡಾಯ, ಅದೂ ಸ್ವಂತ ಕೈಯದು. ಊರಿಗೆ ಬಂದಿದ್ದ ಶೇಖರಯ್ಯನ ಕೈಕಾಲು ಹಿಡಿದು ಹಿಂದಿನ ಸಂಜೆಯೇ ನನ್ನ ಮೇಲೆ ಎಮ್ಮೆ ಬರೆಸಿಕೊಂಡಳು. ಹಳೆಯ ಒಡೆಯನ ಕೈ ಮತ್ತೆ ನನ್ನ ಮೇಲೆ ಆಡಿತೆಂದು ನಾನು ಹಿಗ್ಗಿದ್ದೇ ಹಿಗ್ಗಿದ್ದು.

ಮರುದಿನ ಪರೀಕ್ಷಕರು ಕೊನೆಯ ಬೆಂಚಿನಿಂದ ಎದ್ದು ಬಂದು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು.

"ಎಮ್ಮಿ ಭಾಳ ಚಲೋ ಬಂದೈತಿ. ನೀವ ತಗದೀರೇನ್ರಿ?"

"ಹೌದ್ರಿ ಸರ್," ಎಂದಳು ನೀಲಾಂಬಿಕಾ.

"ಹಂಗಾರ ಬಾಜೂಕ ಅದರ ಕರಾ ಒಂದ ತಗೀರಿ."

ಸೀಮೆಸುಣ್ಣ ನನ್ನ ಮೈಗೆ ತಾಗಿತು. ಶೇಖರಯ್ಯನ ಎಮ್ಮೆಯ ಪಕ್ಕದಲ್ಲಿ ಕರುವಿನ ಬದಲು ನಾಲ್ಕು ಕಡ್ಡಿ ಚುಚ್ಚಿದ ಬದನೆಕಾಯಿಯೊಂದು ಮೂಡಿತು. ಮಕ್ಕಳು ನಕ್ಕರು. ಪರೀಕ್ಷಕರು ನಗಲಿಲ್ಲ. ಚಿತ್ರ ಕೆಟ್ಟದ್ದಕ್ಕೆ ಅಲ್ಲ, ಸುಳ್ಳು ಹೇಳಿದ್ದಕ್ಕೆ ಅವಳನ್ನು ನಪಾಸು ಮಾಡಿದರು. ಆರು ತಿಂಗಳ ನಂತರ ಮತ್ತೊಂದು ಅವಕಾಶ, ಪಾಠವೂ ಅದೇ. ಅದರಲ್ಲೂ ಹೋದರೆ ಎರಡು ವರ್ಷದ ಓದು ನೀರುಪಾಲು, ಶಿಕ್ಷಕಿಯಾಗುವ ಮಾತು ಅಲ್ಲಿಗೇ ಮುಗಿದಂತೆ.

ಮನೆಗೆ ಬಂದು ನನ್ನನ್ನು ಮೂಲೆಗೆ ಒಗೆದಳು. ಅತ್ತಳು. ಅತ್ತಾದ ಮೇಲೆ ಮುಖ ತೊಳೆದುಕೊಂಡು, "ಅತ್ತೀ, ಇನ್ನ ಯಾರ ಕಡಿಂದನೂ ತಗಸೂದಿಲ್ಲ. ಕೆಟ್ಟ ಬರ್ಲಿ, ಹಾಳ ಬರ್ಲಿ, ನಾನ ತಗೀತೀನಿ," ಎಂದಳು.

"ತಗಿ ಯವ್ವಾ," ಎಂದಳು ಪಾರವ್ವ. "ಹಾಡತಾ ಹಾಡತಾ ರಾಗ, ಉಗಳತಾ ಉಗಳತಾ ರೋಗ."

ಮರುದಿನದಿಂದ ನನ್ನ ವಾಸ ಎಮ್ಮೆಯ ಕೊಟ್ಟಿಗೆಯಲ್ಲಿ! ನವಿಲು ಹೊತ್ತ ಮೈ ನನ್ನದು, ಈಗ ಸಗಣಿಯ ವಾಸನೆ, ನೊಣ. ಎದುರಿಗೆ ಕರೆವ್ವ ಎಂಬ ಎಮ್ಮೆ ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿತ್ತು. ದಿನವೂ ನೀಲಾಂಬಿಕಾ ನನ್ನನ್ನು ಗೂಟಕ್ಕೆ ನೇತುಹಾಕಿ, ಎಮ್ಮೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಬರೆಯುತ್ತಿದ್ದಳು. ಹುಲ್ಲಿನ ಕಟ್ಟು ಬಿಚ್ಚುತ್ತ ಪಾರವ್ವ ತೀರ್ಪು ಕೊಡುತ್ತಿದ್ದಳು.

"ಇದೇನ ಯವ್ವಾ, ಗೂಟದ ಮ್ಯಾಲೆ ಕಂಬಳಿ ಒಣ ಹಾಕಿದಂಗ ಐತಿ."

ಮತ್ತೊಂದು ದಿನ: "ಮಾರಿ ಕತ್ತಿದು, ಹೊಟ್ಟಿ ಸಾವಕಾರಂದು. ಇದನ್ನ ನೋಡಿದ್ರ ನಮ್ಮ ಕರೆವ್ವ ಇವತ್ತ ಹಾಲ ಕೊಡೂದಿಲ್ಲ."

ನನಗೂ ಒಳಗೊಳಗೇ ನಗು. ಒಂದು ತಿಂಗಳು, ಎರಡು ತಿಂಗಳು. ನೀಲಾಂಬಿಕಾ ಒರೆಸುವಳು, ಬರೆಯುವಳು. ಸಿಟ್ಟು ಬಂದಾಗ ಸುಣ್ಣದ ಕಡ್ಡಿ ಸರಿಯಿಲ್ಲ ಎನ್ನುವಳು, ಬೋರ್ಡು ನುಣುಪಾಗಿದೆ ಎನ್ನುವಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುವೆನು. ಆದರೆ ಒಂದು ದಿನವೂ ಆಕೆ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ತಲೆಗೆ ಬಟ್ಟೆ ಕಟ್ಟಿಕೊಂಡು ಬಂದು ನಿಂತಳು. ಆವತ್ತು ನನ್ನ ನಗು ಸ್ವಲ್ಪ ಕಡಿಮೆಯಾಯಿತು.

ಮೂರನೇ ತಿಂಗಳು ಪಾರವ್ವ ತಾಳಲಾರದೆ ಎದ್ದು ಬಂದಳು.

"ನೀ ಎಮ್ಮಿ ಬರೇ ನೋಡಾಕತ್ತಿ ನೀಲವ್ವ. ಎಮ್ಮಿ ನೋಡೂದಲ್ಲ, ಮುಟ್ಟೂದು. ಸಂತ್ಯಾಗ ಎಮ್ಮಿ ಕೊಳ್ಳೋರು ಏನ ಮಾಡ್ತಾರ? ಕಣ್ಣ ಮುಚ್ಚಿ ಕೈ ಆಡಸ್ತಾರ. ಬಾ ಇಲ್ಲಿ."

ಸೊಸೆಯ ಕಣ್ಣು ಮುಚ್ಚಿಸಿ, ಆಕೆಯ ಕೈ ಹಿಡಿದು ಕರೆವ್ವನ ಮೈಮೇಲೆ ಇಟ್ಟಳು. ಮೊದಲು ಕೋಡಿನ ಬುಡ. ಅಲ್ಲಿಂದ ಕುತ್ತಿಗೆ. ಕುತ್ತಿಗೆಯಿಂದ ಬೆನ್ನಿನ ಎಲುಬಿನ ಗುಂಟ ಬಾಲದ ಬುಡದವರೆಗೆ ಒಂದೇ ಎಳೆತ. ಆಮೇಲೆ ಸೊಂಟದ ಎಲುಬು, ಹೊಟ್ಟೆಯ ಇಳಿತ, ಕೆಚ್ಚಲು. ಕಾಲು ಕೊನೆಗೆ. "ಕೊಳ್ಳೋರು ಎಂದೂ ಕಾಲಿಂದ ಶುರು ಮಾಡೂದಿಲ್ಲ. ನೀ ದಿನಾ ಕಾಲಿಂದನ ಹೊಂಡ್ತಿ. ಅದಕ್ಕ ನಿನ್ನ ಎಮ್ಮಿ ನಿಂದರೂದಿಲ್ಲ, ಬೀಳ್ತೈತಿ."

ನೀಲಾಂಬಿಕಾ ಹತ್ತು ಸಲ ಹಾಗೆಯೇ ಕೈಯಾಡಿಸಿದಳು. ನಂತರ ನನ್ನ ಬಳಿ ಬಂದು, ಕಣ್ಣು ಅರೆಮುಚ್ಚಿ, ಕೋಡಿನ ಬುಡದಿಂದ ಸುಣ್ಣ ಎಳೆದಳು. ಬೆನ್ನಿನ ಗೆರೆ ನನ್ನ ಮೈಮೇಲೆ ಸರಿದು ಹೋದಾಗ ನನಗೆ ಮೊಟ್ಟಮೊದಲ ಬಾರಿಗೆ ಎಮ್ಮೆಯ ತೂಕ ತಿಳಿಯಿತು. ಶೇಖರಯ್ಯನ ಎಮ್ಮೆ ಚೆಂದವಿತ್ತು, ತೂಕವಿರಲಿಲ್ಲ. ಈಕೆಯದರ ಕಿವಿ ಅಡ್ಡಾದಿಡ್ಡಿ, ಮುಖ ಇನ್ನೂ ಅರ್ಧ ಕತ್ತೆಯದೇ, ಆದರೂ ಬೆನ್ನು ಎಮ್ಮೆಯದು.

ಪಾರವ್ವ ಬಹಳ ಹೊತ್ತು ನೋಡಿದಳು. "ಹಾಲ ಕೊಡ್ತೈತೋ ಇಲ್ಲೋ ಗೊತ್ತಿಲ್ಲ. ಸಂತೀಗೆ ಹೊಡಕೊಂಡ ಹೋಗಬಹುದು," ಎಂದಳು. ಉಳಿದ ಮೂರು ತಿಂಗಳು ಅದೇ ಗೆರೆ, ಅದೇ ಎಮ್ಮೆ.

ಪರೀಕ್ಷೆಯ ದಿನ ಅದೇ ಶಾಲೆ, ಅದೇ ಪರೀಕ್ಷಕರು. ಖಾಲಿ ಮೈಯಲ್ಲಿ ನಾನು ಗೋಡೆಗೆ ನೇತಾಡುತ್ತಿದ್ದೆ. ಅಷ್ಟು ಹೊತ್ತಿಗೆ ನಾನು ಆಕೆಯ ಪಕ್ಷ ಸೇರಿಯಾಗಿತ್ತು. ನೀಲಾಂಬಿಕಾ ಮಕ್ಕಳಿಗೆ ಬೆನ್ನು ಮಾಡಿ ನಿಂತು, ಉಸಿರು ಎಳೆದುಕೊಂಡು ಬರೆದಳು. ಕೋಡು, ಕುತ್ತಿಗೆ, ಬೆನ್ನು, ಕೆಚ್ಚಲು, ಕಾಲು. ಗೆರೆ ತಪ್ಪಲಿಲ್ಲ. ಹಿಂದಿನ ಬೆಂಚಿಗೂ ಚಿತ್ರ ಕಾಣಬೇಕೆಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರಲ್ಲ, ಹಾಗಾಗಿ ಕಡ್ಡಿಯನ್ನು ಅಡ್ಡ ಹಿಡಿದು ಎಮ್ಮೆಯ ಮೈತುಂಬ ಸುಣ್ಣ ತುಂಬಿದಳು. ಕೊಟ್ಟಿಗೆಯಲ್ಲಿ ಬರೀ ಗೆರೆ ಎಳೆದು ರೂಢಿ. ಮೈ ತುಂಬಿದ್ದು ಅದೇ ಮೊದಲು.

"ಮಕ್ಕಳ, ಇದು ಯಾವ ಪ್ರಾಣಿ?"

"ಆಕಳಾ!" ಎಂದು ಇಡೀ ತರಗತಿ ಕೂಗಿತು.

ನೀಲಾಂಬಿಕಾ ಕೋಡಿನ ಮೇಲೆ ಬೆರಳಿಟ್ಟಳು. "ಸರೀತ್ನಾಗಿ ನೋಡ್ರಿ. ಕೋಡ ನೋಡ್ರಿ."

"ಆಕಳ್ರೀ ಅಕ್ಕೋರ. ಬೆಳ್ಳಗ ಐತಲ್ರೀ!" ಮುಂದಿನ ಸಾಲಿನ ಒಬ್ಬಳು ಎದ್ದು ನಿಂತು, "ಇಲ್ಲಂದ್ರ ಎಮ್ಮಿಗೆ ಸುಣ್ಣಾ ಹಚ್ಚೀರಿ," ಎಂದಳು. ತರಗತಿಯೆಲ್ಲ ನಗು.

ಆರು ತಿಂಗಳು ಕೊಟ್ಟಿಗೆಯಲ್ಲಿ ನಿಂತು ಕಲಿತ ಎಮ್ಮೆ ಮಕ್ಕಳ ಕಣ್ಣಲ್ಲಿ ಆಕಳಾಯಿತು. ಕೊನೆಯ ಬೆಂಚಿನಲ್ಲಿ ಪರೀಕ್ಷಕರ ಪೆನ್ನು ಓಡುವ ಸದ್ದು ನನಗೆ ಕೇಳುತ್ತಿತ್ತು. ಆಕೆಯ ಬೆರಳು ನನ್ನ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು, ಸುತ್ತಿಕೊಂಡು ಹೊರಟೇಬಿಡುತ್ತಾಳೆ ಎಂದುಕೊಂಡೆ. ಹೋಗಬೇಡ ತಾಯಿ ಎಂದು ಕೂಗಬೇಕೆನಿಸಿತು. ಬೋರ್ಡಿಗೆ ಬಾಯೆಲ್ಲಿದೆ?

ಆಕೆ ಹೋಗಲಿಲ್ಲ. ಮಕ್ಕಳ ಕಡೆ ತಿರುಗಿ, "ಖರೇ ಐತಿ. ಎಮ್ಮಿ ಬೆಳ್ಳಗಿರೂದಿಲ್ಲ. ಅಕ್ಕೋರು ತಪ್ಪ ಮಾಡ್ಯಾರ. ತಡೀರಿ, ಸರೀ ಮಾಡ್ತೀನಿ," ಎಂದಳು. ಪರೀಕ್ಷಕರಿಗೂ ಕೇಳುವಂತೆ ಗಟ್ಟಿಯಾಗಿಯೇ ಹೇಳಿದಳು.

ಹೊಸ ಕಡ್ಡಿ ತೆಗೆದುಕೊಂಡು, ಅಡ್ಡ ಹಿಡಿದು, ಎಮ್ಮೆಯನ್ನು ಬಿಟ್ಟು ಸುತ್ತಲಿನ ಜಾಗಕ್ಕೆಲ್ಲ ಸುಣ್ಣ ಬಳಿಯತೊಡಗಿದಳು. ಮೇಲೆ, ಕೆಳಗೆ, ಕಾಲುಗಳ ನಡುವೆ. ಆಮೇಲೆ ಮಕ್ಕಳು ಕುಡಿಯುವ ನೀರಿನ ಕೊಡದಲ್ಲಿದ್ದ ನೀರನ್ನು ಲೋಟಕ್ಕೆ ಬಗ್ಗಿಸಿ, ಸೆರಗಿನ ತುದಿ ಅದ್ದಿ, ಎಮ್ಮೆಯ ಒಳಮೈಯನ್ನು ಒರೆಸಿದಳು. ಕೋಡಿನ ಬುಡದಿಂದ ಶುರು, ಬೆನ್ನಗುಂಟ, ಬಾಲದವರೆಗೆ, ಸಂತೆಯಲ್ಲಿ ಕೈಯಾಡಿಸಿದ ಹಾಗೆಯೇ. ಒದ್ದೆಯಾದ ನನ್ನ ಕಪ್ಪು ಮಿರಮಿರ ಹೊಳೆಯಿತು.

ಅಲ್ಲಿಯವರೆಗೆ ನನ್ನ ಮೇಲೆ ಎಷ್ಟೋ ಪ್ರಾಣಿಗಳು ಬಂದು ಹೋಗಿದ್ದವು. ಎಲ್ಲವೂ ಸುಣ್ಣದವು, ಒರೆಸಿದರೆ ಮುಗಿಯಿತು. ಇದೊಂದು ಮಾತ್ರ ನನ್ನದೇ ಮೈ. ಕಾಳಪ್ಪ ಬಳಿದ ಮೂರು ಕೈ ಕಪ್ಪೇ ಎಮ್ಮೆಯ ತೊಗಲಾಯಿತು. ಆ ಹೊತ್ತಿಗೆ ನಾನೇ ಎಮ್ಮೆ. ಆ ಸುಖವನ್ನು ನನಗೆ ಹೇಳಲು ಬಾರದು.

"ಅಕ್ಕೋರ! ಎಮ್ಮಿ ಹೊಂಡದಾಗಿಂದ ಎದ್ದ ಬಂತು!" ಎಂದು ಆ ಮುಂದಿನ ಸಾಲಿನ ಹುಡುಗಿಯೇ ಕಿರುಚಿದಳು. ನಮ್ಮ ಮನೆಯ ಎಮ್ಮೆ ಹೊಂಡ ಬಿಟ್ಟು ಏಳುವುದೇ ಇಲ್ಲ ಎಂದು ಒಬ್ಬ, ನಮ್ಮದರ ಕೋಡು ಇನ್ನೂ ಉದ್ದ ಎಂದು ಇನ್ನೊಬ್ಬ. ನೀಲಾಂಬಿಕಾ ಪಾಠ ಶುರುಮಾಡುವ ಮೊದಲೇ ಪಾಠ ತಾನಾಗಿ ಓಡತೊಡಗಿತ್ತು. ನೀರು ಆರುತ್ತ ನನ್ನ ಹೊಳಪು ಇಳಿದಾಗ, "ನೋಡ್ರಿ, ಬಿಸಲಿಗೆ ಮೈ ಒಣಗಾಕತ್ತೈತಿ," ಎಂದು ಅದನ್ನೂ ಪಾಠದೊಳಗೆ ಸೇರಿಸಿಕೊಂಡಳು.

ಕೊನೆಗೆ ಪರೀಕ್ಷಕರು ಎದ್ದು ಬಂದರು. ಎಮ್ಮೆಯ ಮುಖವನ್ನು ಹತ್ತಿರದಿಂದ ನೋಡಿದರು. "ಮಾರಿ ಕತ್ತಿದ ಐತ್ರಿ ಅಕ್ಕೋರ," ಎಂದರು. ಆಮೇಲೆ, "ಕೈ ಮಾತ್ರ ನಿಮ್ದ. ಅದನ್ನ ಯಾರೂ ಕೇಳಂಗಿಲ್ಲ," ಎಂದು ಸಹಿ ಹಾಕಿ ಹೋದರು. ನೀಲಾಂಬಿಕಾ ಪಾಸಾದಳು.

ಅಲ್ಲಿಂದ ಮುಂದೆ ಇಪ್ಪತ್ತೈದು ವರ್ಷ ನಾನು ಆಕೆಯೊಂದಿಗೆ ನಾಲ್ಕು ಊರಿನ ಶಾಲೆಗಳಲ್ಲಿ ದುಡಿದೆ. ಆಕೆಗೆ ಚಿತ್ರ ಬಂತೇ ಎಂದು ಕೇಳುತ್ತೀರಿ. ಇಲ್ಲ, ಬರಲಿಲ್ಲ. ನಾಯಿ ಬರೆದರೆ ಮೇಕೆಯಾಗುತ್ತಿತ್ತು, ಮೊಲ ಬರೆದರೆ ಮಕ್ಕಳು ಕತ್ತೆಮರಿ ಎನ್ನುತ್ತಿದ್ದರು. ಆದರೂ ವಾರಕ್ಕೊಂದು ಪ್ರಾಣಿ ತಪ್ಪದು. "ಕಿವಿ ಅಲ್ಲಲ್ರೀ ಅಕ್ಕೋರ, ಇಲ್ಲಿ!" ಎಂದು ಮಕ್ಕಳು ಎದ್ದು ಬರುತ್ತಿದ್ದರು. ಆಕೆ ಸುಣ್ಣವನ್ನು ಅವರ ಕೈಗೆ ಕೊಟ್ಟು ಪಕ್ಕಕ್ಕೆ ಸರಿಯುತ್ತಿದ್ದಳು. ಶೇಖರಯ್ಯನ ನವಿಲಿನ ಮುಂದೆ ಕೈಕಟ್ಟಿ ಕುಳಿತ ಮಕ್ಕಳಲ್ಲಿ ಒಬ್ಬರೂ ನನ್ನನ್ನು ಮುಟ್ಟಿರಲಿಲ್ಲ. ನೀಲಾಂಬಿಕಾಳ ಕೆಟ್ಟ ಚಿತ್ರಗಳ ದೆಸೆಯಿಂದ ಸಾವಿರ ಪುಟ್ಟ ಕೈಗಳು ನನ್ನ ಮೈಮೇಲೆ ಆಡಿವೆ. ಯಾವುದು ದೊಡ್ಡದು ಎಂದು ಕೇಳಿದರೆ ಈಗ ನನಗೆ ಅನುಮಾನವಿಲ್ಲ.

ಈಗ ನಾನು ಶಾಲೆಯ ಸಾಮಾನಿನ ಕೋಣೆಯಲ್ಲಿ, ಕಾಲು ಮುರಿದ ಬೆಂಚುಗಳ ಮೇಲಿದ್ದೇನೆ. ಬಣ್ಣ ಎದ್ದಿದೆ, ಕೆಳಗಿನ ಕೋಲು ಗೆದ್ದಲಿನ ಪಾಲಾಗಿದೆ. ಕಳೆದ ವರ್ಷ ನೀಲಾಂಬಿಕಾ ನಿವೃತ್ತಳಾದ ದಿನ, ಭಾಷಣ ಮಾಡಿರೆಂದು ಎಲ್ಲರೂ ಒತ್ತಾಯಿಸಿದರು. ಆಕೆ ಭಾಷಣ ಬಿಟ್ಟು ನನ್ನನ್ನು ತರಿಸಿ ಗೋಡೆಗೆ ತೂಗುಹಾಕಿದಳು. "ಎಲ್ಲಾ ಪ್ರಾಣಿ ತಗದೀನಿ, ಒಂಟಿ ಒಂದ ಉಳದೈತಿ. ಇವತ್ತ ತಗದ ಬಿಡ್ತೀನಿ," ಎಂದಳು.

ಬಣ್ಣ ಹೋದ ಕಡೆ ಸುಣ್ಣ ಹಿಡಿಯಲಿಲ್ಲ. ಒಂಟೆಯ ಡುಬ್ಬ ಬಾಲದ ಹತ್ತಿರ ಹೋಯಿತು. ಮಕ್ಕಳು ಎಂದಿನಂತೆ ನುಗ್ಗಿ ಬಂದು ಕುತ್ತಿಗೆ ಉದ್ದ ಮಾಡಿದರು, ಐದನೆಯದೊಂದು ಕಾಲು ಸೇರಿಸಿದರು. ಆಕೆ ಸೆರಗಿಗೆ ಕೈ ಒರೆಸಿಕೊಂಡು ದೂರ ನಿಂತು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಒರೆಸಲು ಬಂದವರಿಗೆ ಬೇಡ ಎಂದು, ತಾನೇ ನನ್ನನ್ನು ಮೆಲ್ಲಗೆ ಸುತ್ತಿ ಇಟ್ಟು ಹೋದಳು.

ಅದು ಇನ್ನೂ ನನ್ನ ಒಳಮೈಯಲ್ಲಿದೆ. ಯಾರಾದರೂ ಬಿಚ್ಚಿ ನೋಡಿ ಇದೇನು ಪ್ರಾಣಿ ಎಂದು ನಗಬಹುದು. ನಗಲಿ. ಐದು ಕಾಲಿದ್ದರೇನಾಯಿತು, ಅದು ಒಂಟೆಯೇ.