ತೂತಿನ ಮಾಸ್ಕು

ನಾವು ಹಂಚಿದ ಮಾಸ್ಕುಗಳಿಗೆಲ್ಲ ಬಾಯಿಯ ನೇರಕ್ಕೆ ಎಂಟಾಣೆ ಅಗಲದ ತೂತು. ಹೌರಾದ ಕೋಳಿ ಮಾರುಕಟ್ಟೆಯಲ್ಲಿ ಅದನ್ನು ಕಂಡು ನನಗೆ ಮೈಯೆಲ್ಲ ಉರಿಯಿತು. ಹಕ್ಕಿಜ್ವರದ ಸುದ್ದಿ ಹಬ್ಬಿದೆ, ಕೋಳಿ ಹಿಡಿಯುವವರಿಗೆ ತಗಲಬಾರದೆಂದು ನಾವು ಸಂಶೋಧಕರು ಒದ್ದಾಡುತ್ತಿದ್ದರೆ ಇವರು ಕತ್ತರಿ ಆಡಿಸಿ ಕೂತಿದ್ದಾರೆ.

ಅಲ್ಲಿ ಕೋಳಿ ಮಾರುವ ಮಿಹಿರ್‌ನ ಮೇಲೆ ಸಿಟ್ಟು ಇನ್ನೂ ಹೆಚ್ಚು. ಹೋದ ತಿಂಗಳು ಅವನಿಗೆ ಕಣ್ಣು ಕೆಂಪಾಗಿ ಜ್ವರ ಬಂದಿತ್ತು. ಪರೀಕ್ಷೆಯ ಫಲಿತಾಂಶ ಬರುವವರೆಗೂ ಅವನ ಹೆಂಡತಿ ಗೌರಿ ಅನ್ನ ಮುಟ್ಟಲಿಲ್ಲ. ಪುಣ್ಯಕ್ಕೆ ಹಕ್ಕಿಜ್ವರವಲ್ಲ ಎಂದು ಬಂತು. ಮುಂದಿನ ಸಲವೂ ಹಾಗೇ ಆಗುತ್ತದೆಂದು ಯಾರು ಹೇಳಬೇಕು?

ಬೈಯಲೆಂದೇ ಹೋದವಳು ಬೈಯದೆ ನಿಂತೆ. ಎಲ್ಲರಿಗೂ ಒಂದೇ ಜಾಗದಲ್ಲಿ ತೂತು ಏಕೆ ಬೇಕಾಯಿತು? ಬೀಡಿಗಿರಬೇಕು ಅಂದುಕೊಂಡರೆ, ಯಾರೂ ಸೇದುತ್ತಿರಲಿಲ್ಲ. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದ. ಮಿಹಿರ್ ಕೋಳಿಯನ್ನು ತಲೆಕೆಳಗಾಗಿ ಎತ್ತಿ, ಎದೆಯ ಪುಕ್ಕದ ಹತ್ತಿರ ಮುಖ ತಂದು, ತೂತಿನಿಂದ ಫೂ ಎಂದು ಊದಿದ. ಪುಕ್ಕ ಸರಿದು ಹಳದಿ ಚರ್ಮ ಕಂಡಿತು. ಕೋಳಿ ಕೊಬ್ಬಿದೆ, ಗಾಯವಿಲ್ಲ ಎಂದು ಗಿರಾಕಿ ತಲೆಯಾಡಿಸಿದ. ಎದ್ದ ಧೂಳೆಲ್ಲ ಮಿಹಿರ್‌ನ ಕಣ್ಣಿಗೇ ಹೋಯಿತು.

ಕೈಯಿಂದ ಸರಿಸಬಾರದೇ ಎಂದು ಕೇಳಿದೆ. ಕೈಯಿಟ್ಟರೆ ಗಾಯ ಮುಚ್ಚುತ್ತಿದ್ದಾನೆ ಅನ್ನುತ್ತಾರೆ, ಊದದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ ಎಂದ.

ಮಾಸ್ಕಿನ ಯೋಜನೆ ನಮ್ಮ ಪ್ರೊಫೆಸರ್ ಹಿರಿಯಣ್ಣನವರದು. ಮೈಸೂರಿನವರು. ತೂತಿನ ಕಥೆ ಹೇಳಿದರೆ ನಂಬಲಿಲ್ಲ. ಭಾನುವಾರ ತಾವೇ ಬಂದರು, ಮಾಸ್ಕಿಲ್ಲದೆ, ಬಟ್ಟೆಯ ಚೀಲ ಹಿಡಿದುಕೊಂಡು. ಕೋಳಿಗೆ ಊದುವುದು ಎಂಥ ಅಪಾಯ ಎಂದು ಮಿಹಿರ್‌ಗೆ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಅವನು ಒಪ್ಪಿಕೊಂಡು, ತೂತಿಲ್ಲದ ಹೊಸ ಮಾಸ್ಕು ಹಾಕಿಕೊಂಡ. ನನಗೆ ಸಮಾಧಾನವಾಯಿತು.

ಹೇಗೂ ಬಂದಾಗಿದೆ, ಮನೆಗೊಂದು ಕೋಳಿ ಒಯ್ಯೋಣವೆಂದು ಸರ್ ಬುಟ್ಟಿಯೊಳಗೆ ಇಣುಕಿದರು. ಮಿಹಿರ್ ದಪ್ಪನೆಯದೊಂದನ್ನು ಎತ್ತಿ ಹಿಡಿದ. ಸರ್ ಕನ್ನಡಕ ಸರಿಮಾಡಿಕೊಂಡರು.

"ಒಂದ್ಸಲ ಊದಿ ತೋರ್ಸು."

ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಮಿಹಿರ್ ನನ್ನ ಮುಖ ನೋಡಿದ. ಮಾಸ್ಕಿಗೆ ಕೈ ಹಾಕಲಿಲ್ಲ. ಕೋಳಿಯನ್ನು ಮೆಲ್ಲಗೆ ಸರ್ ಮೂಗಿನ ಹತ್ತಿರ ತಂದ.

"ನೀವೇ ಊದಿ ನೋಡಿ, ಬಾಬು."

ಸರ್ ತುಟಿ ಮುಂದೆ ಮಾಡಿಯೇಬಿಟ್ಟಿದ್ದರು. ಕೋಳಿ ಪಟಪಟ ರೆಕ್ಕೆ ಬಡಿಯಿತು. ಅವರು ಬೆಚ್ಚಿ ಹಿಂದೆ ಸರಿದು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಹಾಗೇ ಕೊಡು ಎಂದು ಮಿಹಿರ್‌ಗೆ ಹೇಳಿ ನನ್ನತ್ತ ತಿರುಗಿದರು.

"ಮೈತ್ರಿ, ನಾವು ಮಾಸ್ಕ್ ಕೊಟ್ಟಿದ್ದು ತಪ್ಪು ಜನಕ್ಕೆ ಕಣಮ್ಮ."

ಮುಂದಿನ ಗಿರಾಕಿ ಒಬ್ಬಾಕೆ. ಆಕೆಯೂ ಊದು ಎಂದಳು. ಮಿಹಿರ್ ಕೋಳಿಯನ್ನು ಆಕೆಯ ಮುಖದತ್ತ ಚಾಚಿದ. ಆಕೆ ಮೂಗು ಮುರಿದು ಪಕ್ಕದ ಅಂಗಡಿಗೆ ಹೋದಳು. ಎಲ್ಲವನ್ನೂ ನೋಡುತ್ತಿದ್ದ ಅಲ್ಲಿಯವನು, ಆಕೆ ಬಾಯಿ ತೆರೆಯುವ ಮೊದಲೇ ತನ್ನ ಕೋಳಿಯನ್ನು ಆಕೆಯ ಮುಖಕ್ಕೆ ಹಿಡಿದ.