ಯಾರಿಂದ ಯಾರಿಗೆ

ವೈದ್ಯರು ಹೇಳಬೇಕಾದ ವಿಷಯಕ್ಕೆ ಬಾಯಿ ಹಾಕುವುದು ಅಧಿಕಪ್ರಸಂಗವೇ. ಕೇಳಿ ತಿಳಿದಷ್ಟನ್ನು ಹೇಳುತ್ತಿದ್ದೇನೆ, ತಪ್ಪಿದ್ದರೆ ಮನ್ನಿಸಬೇಕು.

ಒಂದು ಮನೆಯಲ್ಲಿ ಅಕ್ಕ, ತಮ್ಮ ಇದ್ದರು. ತಮ್ಮನು ರಕ್ತದಾನ ಮಾಡಿ ಬಂದ ಎರಡು ವಾರಕ್ಕೆ ಕರೆ ಬಂತು: ಅವನಿಗೆ ಹೆಪಟೈಟಿಸ್ ಸಿ, ಅಂದರೆ ಯಕೃತ್ತಿನ ಸೋಂಕು, ಇದೆಯಂತೆ. ಎರಡನೆಯ ಪರೀಕ್ಷೆಯೂ ಅದನ್ನೇ ಹೇಳಿತು. ಅಂದಿನಿಂದ ಅಕ್ಕನ ಕಣ್ಣು ಅವನ ಬೆನ್ನು ಬಿಡಲಿಲ್ಲ.

ಇದ್ದದ್ದು ಇಬ್ಬರೇ. ಮನೆಯ ಮುಂದಿನ ಕೋಣೆಯಲ್ಲಿ ತಮ್ಮ ಪರದೆಯ ಬಟ್ಟೆ ಕತ್ತರಿಸಿ ಕೊಡುತ್ತಿದ್ದ, ಅಕ್ಕ ಹೊಲಿಯುತ್ತಿದ್ದಳು. ತಿಂಗಳ ಕೊನೆಗೆ ಅಕ್ಕನ ಮಗಳು ಕೈಗೂಸನ್ನು ಎತ್ತಿಕೊಂಡು ಬರುವವಳಿದ್ದಳು. ಅಷ್ಟರೊಳಗೆ ತಮ್ಮನನ್ನು ಮನೆಯಿಂದ ಸಾಗಹಾಕಬೇಕೆಂದು ಅಕ್ಕ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.

ಅವನ ತಟ್ಟೆ ಲೋಟ ಬೇರೆಯಾದವು. ಅವನು ಕೆಮ್ಮಿದರೆ ಕಿಟಕಿ ತೆರೆದಳು, ಎದ್ದುಹೋದರೆ ಕುರ್ಚಿ ಒರೆಸಿದಳು.

"ಅಕ್ಕಾ, ಹಾಗೆ ಉಜ್ಜಿದ್ರೆ ಕುರ್ಚಿಗೇ ಕಾಯಿಲೆ ಬರುತ್ತೆ ನೋಡು."

"ಹಲ್ಲು ಕಿರೀಬೇಡ. ಎರಡು ವರ್ಷ ಮನೆ ಬಿಟ್ಟು ಹೋಗಿದ್ದೆಯಲ್ಲ, ಯಾರ ಸಹವಾಸ ಮಾಡಿದ್ದೆ? ಏನು ಚುಚ್ಕೊಂಡೆ?"

"ಲಾರಿ ಓಡಿಸ್ತಿದ್ದೆ ಅಂತ ಎಷ್ಟು ಸಲ ಹೇಳ್ಲಿ? ಚುಚ್ಚಿಸ್ಕೊಂಡಿದ್ದು ಇದೊಂದೇ." ತೋಳಿನ ಹಚ್ಚೆ ತೋರಿಸಿದ. ಯಾವುದೋ ಸಂತೆಯಲ್ಲಿ ಹಾಕಿಸಿಕೊಂಡದ್ದು, ಹಕ್ಕಿಯೋ ಮೀನೋ ಹೇಳುವಂತಿರಲಿಲ್ಲ.

ಅಕ್ಕ ನಂಬಲಿಲ್ಲ. ಅವನು ಸ್ನಾನಕ್ಕೆ ಹೋದಾಗ ಅವನ ಪೆಟ್ಟಿಗೆ ತಡಕಾಡಿದಳು. ಏನೂ ಸಿಗಲಿಲ್ಲ. ಚೆನ್ನಾಗಿ ಬಚ್ಚಿಟ್ಟಿದ್ದಾನೆ ಅಂದುಕೊಂಡಳು.

ಮರುದಿನ ಆಸ್ಪತ್ರೆಗೆ ಹೋಗಿ ನರ್ಸಮ್ಮನ ಮುಂದೆ ಕೂತಳು. "ಅವನು ಬೇರೆ ಇರ್ಬೇಕು ಅಂತ ಒಂದು ಚೀಟಿ ಬರೆದು ಕೊಡಿ. ನಾನು ಹೇಳಿದ್ರೆ ಕೇಳಲ್ಲ."

"ಯಾಕಮ್ಮಾ ಬೇರೆ? ಒಂದೇ ತಟ್ಟೇಲಿ ಉಂಡ್ರೂ ಬರಲ್ಲ. ಕೆಮ್ಮಿದ್ರೆ ಬರಲ್ಲ, ಮಗೂನ ಎತ್ತಿ ಮುದ್ದಾಡಿದ್ರೂ ಬರಲ್ಲ. ಇದು ರಕ್ತದಿಂದ ರಕ್ತಕ್ಕೆ ಹೋಗೋದು. ರೇಜರ್, ಉಗುರು ಕತ್ತರಿ, ಹಲ್ಲುಜ್ಜೋ ಬ್ರಷ್ ಮಾತ್ರ ಬೇರೆ ಇಟ್ಕೊಳ್ಳಿ. ಸೂಜಿ ಏನಾದ್ರೂ ಹಂಚ್ಕೋತೀರಾ?"

"ಹೊಲಿಯೋ ಸೂಜೀನಾ?"

"ಮೈಗೆ ಚುಚ್ಚೋದು. ಸಕ್ಕರೆ ಕಾಯಿಲೆಗೆ ಬೆರಳು ಚುಚ್ಚಿ ನೋಡ್ತಾರಲ್ಲ, ಅಂಥದ್ದು."

ಅಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. ಇಬ್ಬರಿಗೂ ಸಕ್ಕರೆ ಕಾಯಿಲೆ. ಅವನು ಲಾರಿ ಬಿಟ್ಟು ಮನೆಗೆ ಮರಳಿದಾಗಿನಿಂದ, ನಾಲ್ಕು ವರ್ಷ, ಬೆಳಿಗ್ಗೆ ಎದ್ದು ತಮ್ಮನ ಬೆರಳು ಚುಚ್ಚುತ್ತಿದ್ದವಳು ಅವಳೇ. ಅದೇ ಸೂಜಿಯನ್ನು ಹತ್ತಿಯಲ್ಲಿ ಒರೆಸಿ ತನ್ನ ಬೆರಳಿಗೆ ಚುಚ್ಚಿಕೊಳ್ಳುತ್ತಿದ್ದಳು. ವಾರಕ್ಕೊಂದು ಸೂಜಿ. ಒಂದನ್ನು ಒಂದೇ ಸಲ ಬಳಸಿ ಎಂದು ಡಬ್ಬಿಯ ಮೇಲೆ ಬರೆದಿತ್ತು, ಅದು ಮಾರುವವರ ಹಿಕ್ಮತ್ತು ಎಂದುಕೊಂಡಿದ್ದಳು.

"ಒರೆಸ್ತಿದ್ದೆ," ಎಂದಳು, ಯಾರೋ ಬೈದರೆಂಬಂತೆ.

"ಒರೆಸಿದ್ರೆ ಹೋಗಲ್ಲಮ್ಮಾ. ಕೈ ಕೊಡಿ, ನಿಮ್ಮ ರಕ್ತಾನೂ ನೋಡಿಬಿಡೋಣ."

ವಾರ ಕಳೆದು ಫಲಿತಾಂಶ ಬಂತು. ಅವಳಿಗೂ ಇತ್ತು. ಹಿಂದೆ ಯಾವಾಗಾದರೂ ರಕ್ತ ಹಾಕಿಸಿಕೊಂಡಿದ್ದಿರಾ ಎಂದು ನರ್ಸಮ್ಮ ಕೇಳಿದಾಗ ಅಕ್ಕನಿಗೆ ಮಗಳನ್ನು ಹೊತ್ತಿದ್ದ ದಿನಗಳು ನೆನಪಾದವು. ಎರಡು ಬಾಟಲಿ ಹಾಕಿದ್ದರು; ಆ ಕಾಲಕ್ಕೆ ರಕ್ತಕ್ಕೆ ಈ ಪರೀಕ್ಷೆ ಇರಲಿಲ್ಲವಂತೆ. ಮೂರು ತಿಂಗಳು ಮಾತ್ರೆ ತಪ್ಪದೆ ನುಂಗಿದರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ ಎಂದು ಹೇಳಿ ಕಳಿಸಿದರು.

ತಮ್ಮ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ಅಕ್ಕ ಎಲ್ಲ ಹೇಳಿದಳು, ಸೂಜಿಯ ವಿಷಯವನ್ನೂ, ಅವನನ್ನು ಕಳಿಸಲು ಚೀಟಿ ಕೇಳಿದ್ದನ್ನೂ ಬಿಡಲಿಲ್ಲ. ಅವನು ಕೈ ನಿಲ್ಲಿಸಿದ.

"ಹಾಗಾದ್ರೆ ಮನೆ ಬಿಟ್ಟು ಹೋಗ್ಬೇಕಾದವ್ರು ಯಾರಕ್ಕಾ?"

ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಅಕ್ಕ ಮಗಳಿಗೆ ಫೋನ್ ಮಾಡಿದಳು. "ಮಾವ ಇಲ್ಲೇ ಇರ್ತಾನೆ ಕಣೇ. ಮಗೂನ ಎತ್ಕೊಂಡ್ರೆ ಏನೂ ಆಗಲ್ವಂತೆ. ಆದ್ರೆ ಮಾವನ ಕಾಯಿಲೆ ನಂಗೂ ಇದೆಯಂತೆ, ನೀನೂ ಒಂದ್ಸಲ ರಕ್ತ ಪರೀಕ್ಷೆ ಮಾಡಿಸ್ಕೋ. ಹೆತ್ತೋಳಿಂದ ಮಗೂಗೆ ಬರೋದೂ ಉಂಟಂತೆ."

ಆ ಕಡೆಯಿಂದ ಮಗಳು ಕೇಳಿದಳು: "ಮೊದಲು ಯಾರಿಗೆ ಬಂತಮ್ಮಾ?"

ಸಂತೆಯ ಹಚ್ಚೆಯಿಂದ ತಮ್ಮನಿಗೆ ಬಂದು ಅವನಿಂದ ಅಕ್ಕನಿಗೋ, ಬಸಿರಿನಲ್ಲಿ ಹಾಕಿಸಿಕೊಂಡ ರಕ್ತದಿಂದ ಅಕ್ಕನಿಗೆ ಬಂದು ಅವಳಿಂದ ತಮ್ಮನಿಗೋ, ನರ್ಸಮ್ಮನಿಗೂ ಹೇಳಲಾಗಲಿಲ್ಲ. ನನಗೂ ಗೊತ್ತಿಲ್ಲ.